ನಕಲು ಮಾಡುವಾಗ ತಪ್ಪುವ ಅಕ್ಷರಗಳು

ಪ್ರಾಕ್ಟಿಕಲ್ ಪರೀಕ್ಷೆ ಹತ್ತಿರ ಬಂದಾಗ ನನ್ನ ಮೇಜಿನ ಮೇಲೆ ಬಯಾಲಜಿ ರೆಕಾರ್ಡುಗಳ ಗೋಪುರ ಏಳುತ್ತದೆ. ಎಲ್ಲರೂ ತಾವೇ ಬರೆದದ್ದೆಂದು ಹೇಳುತ್ತಾರೆ. ಎಲ್ಲರೂ ತಾವೇ ಬರೆದಿರುವುದಿಲ್ಲ ಎಂಬುದು ನನಗೂ ಗೊತ್ತು, ಅವರಿಗೂ ಗೊತ್ತು. ಒಂದು ವರ್ಷ ಮೈಟಾಸಿಸ್ ಪ್ರಯೋಗದ ಪುಟದಲ್ಲಿ ‘ಆನಿಯನ್ ರೂಟ್ ಟಿಪ್’ ಎಂದಿರಬೇಕಾದಲ್ಲಿ ‘ಆನಿಯನ್ ರೂಟ್ ಲಿಪ್’ ಎಂದಿತ್ತು. ಈರುಳ್ಳಿಗೆ ತುಟಿ! ನಗು ಬಂತು. ಮುಂದಿನ ರೆಕಾರ್ಡಿನಲ್ಲೂ ಈರುಳ್ಳಿಗೆ ತುಟಿಯಿತ್ತು. ಒಟ್ಟು ಏಳು ರೆಕಾರ್ಡುಗಳಲ್ಲಿ ತುಟಿ. ಆ ಏಳರಲ್ಲಿ ಮೂರರಲ್ಲಿ ಅಸಿಟೋಕಾರ್ಮಿನ್ ಎಂಬ ಬಣ್ಣ ‘ಅಸಿಟೋಕಾರ್ಬನ್’ ಆಗಿತ್ತು. ಆ ಮೂರರಲ್ಲಿ ಒಂದರಲ್ಲಿ ಮಾತ್ರ ಮೆಟಾಫೇಸ್ ಮತ್ತು ಅನಾಫೇಸ್ ಚಿತ್ರಗಳು ಜಾಗ ಬದಲಿಸಿಕೊಂಡಿದ್ದವು.

ಒಂದು ಹಾಳೆ ತೆಗೆದುಕೊಂಡು ಗೆರೆ ಎಳೆಯುತ್ತಾ ಹೋದೆ. ತುಟಿಯ ಏಳು ಮಂದಿಗೆ ಒಂದೇ ಮೂಲ. ಅದರಿಂದ ಒಂದು ಕೊಂಬೆ ಒಡೆದು ಕಾರ್ಬನ್ನಿನ ಮೂವರು. ಆ ಕೊಂಬೆಯ ತುದಿಯಲ್ಲಿ ಚಿತ್ರ ಅದಲುಬದಲಾದ ಒಬ್ಬ. ಯಾರನ್ನೂ ಕರೆದು ವಿಚಾರಿಸದೆ, ಬರೀ ತಪ್ಪುಗಳನ್ನು ಓದಿಯೇ ಒಂದು ವಂಶವೃಕ್ಷ ಸಿದ್ಧವಾಯಿತು. ಸರಿಯಾಗಿ ಬರೆದ ಸಾಲುಗಳಿಂದ ನನಗೆ ಏನೂ ಸಿಗಲಿಲ್ಲ, ಏಕೆಂದರೆ ಸರಿಯಾದದ್ದು ಎಲ್ಲರಲ್ಲೂ ಒಂದೇ ಥರ ಇರುತ್ತದೆ. ದಾರಿ ತೋರಿಸಿದ್ದು ತಪ್ಪುಗಳೇ.

ಕಳೆದ ಕೆಲವು ವರ್ಷಗಳಲ್ಲಿ ಟಿವಿಯಲ್ಲಿ, ಪತ್ರಿಕೆಯಲ್ಲಿ ‘ಜೀನೋಮ್ ಸೀಕ್ವೆನ್ಸಿಂಗ್‌ಗೆ ಮಾದರಿ ಕಳುಹಿಸಲಾಗಿದೆ’ ಎಂಬ ವಾಕ್ಯ ಕೇಳದವರಿಲ್ಲ. ಅದು ಏನು ಎಂದು ಕ್ಲಾಸಿನಲ್ಲಿ ಕೇಳಿದರೆ ‘ದೊಡ್ಡ ಟೆಸ್ಟ್’ ಎಂಬ ಉತ್ತರ ಬರುತ್ತದೆ. ನಾನು ಆ ರೆಕಾರ್ಡುಗಳ ಕತೆ ಹೇಳುತ್ತೇನೆ. ಕೆಲಸ ಬಹುಮಟ್ಟಿಗೆ ಅದೇ.

ವೈರಸ್ ತಾನಾಗಿ ಏನೂ ಮಾಡಲಾರದು. ನಮ್ಮ ಜೀವಕೋಶದೊಳಗೆ ಹೊಕ್ಕು, ನಮ್ಮದೇ ಸಾಮಗ್ರಿ ಬಳಸಿ ತನ್ನ ನಕಲುಗಳನ್ನು ಮಾಡಿಸಿಕೊಳ್ಳುತ್ತದೆ. ಕೋವಿಡ್ ತಂದ ವೈರಸ್ಸಿನ ಆರ್‌ಎನ್‌ಎಯಲ್ಲಿ ಸುಮಾರು 30 ಸಾವಿರ ಅಕ್ಷರಗಳಿವೆ. ವುಹಾನಿನ ಮೊದಲ ಪ್ರತಿಯಲ್ಲಿ ಎಣಿಸಿದರೆ 29,903. ಅಕ್ಷರಮಾಲೆಯಲ್ಲಿ ಇರುವುದು ನಾಲ್ಕೇ: ಎ, ಯು, ಜಿ, ಸಿ. ಇಷ್ಟುದ್ದದ ಪಾಠವನ್ನು ಕೋಟಿಗಟ್ಟಲೆ ಸಲ ನಕಲು ಮಾಡುವಾಗ ಅಕ್ಷರ ತಪ್ಪುತ್ತದೆ. ಹೆಚ್ಚಿನ ತಪ್ಪುಗಳು ವೈರಸ್ಸನ್ನೇ ಕೆಡಿಸುತ್ತವೆ, ಇಲ್ಲವೇ ಏನನ್ನೂ ಬದಲಿಸುವುದಿಲ್ಲ. ಅಪರೂಪಕ್ಕೆ ಒಂದು ತಪ್ಪು ಅದಕ್ಕೆ ಲಾಭ ತರುತ್ತದೆ. ಅಂಥ ನಕಲು ಮಿಕ್ಕವನ್ನು ಹಿಂದಿಕ್ಕಿ ಹರಡುತ್ತದೆ.

ಎಲ್ಲ ವೈರಸ್ಸುಗಳೂ ಒಂದೇ ವೇಗದಲ್ಲಿ ತಪ್ಪುವುದಿಲ್ಲ. ರಮಝಾನ್ ತಿಂಗಳಲ್ಲಿ ತರಾವೀಹ್ ನಮಾಝ್ ನೋಡಿದವರಿಗೆ ಗೊತ್ತು, ಇಮಾಮರ ಹಿಂದಿನ ಸಾಲಿನಲ್ಲಿ ಇನ್ನೊಬ್ಬ ಹಾಫಿಝ್ ನಿಂತಿರುತ್ತಾರೆ. ಮುಂದೆ ಓದುವವರ ನಾಲಿಗೆ ಎಲ್ಲಾದರೂ ತೊಡರಿದರೆ ಹಿಂದಿನಿಂದ ಸರಿಯಾದ ಪದ ಕೇಳಿಬರುತ್ತದೆ. ಇಮಾಮರು ಅಲ್ಲಿಂದ ತಿದ್ದಿಕೊಂಡು ಮುಂದುವರಿಯುತ್ತಾರೆ. ಪವಿತ್ರವಾದ ಆ ವ್ಯವಸ್ಥೆಗೂ ಈ ಪೀಡೆಗೂ ಸಾಟಿಯಿಲ್ಲ, ಆದರೆ ಹಿಂದೆ ನಿಂತು ತಿದ್ದುವವರೊಬ್ಬರು ಇರುವುದರಿಂದ ಏನಾಗುತ್ತದೆ ಎಂಬುದನ್ನು ಇದಕ್ಕಿಂತ ಚೆನ್ನಾಗಿ ನಮ್ಮ ಮಕ್ಕಳಿಗೆ ವಿವರಿಸುವ ದಾರಿ ನನಗೆ ಸಿಕ್ಕಿಲ್ಲ. ಕೊರೋನಾ ವೈರಸ್ಸುಗಳಿಗೆ ಅಂಥ ಒಬ್ಬ ತಿದ್ದುಗಾರ ಇದ್ದಾನೆ. ತಪ್ಪಾಗಿ ಸೇರಿದ ಅಕ್ಷರವನ್ನು ತುದಿಯಿಂದ ಕತ್ತರಿಸಿ ತೆಗೆಯುವ ಒಂದು ಎಕ್ಸೊನ್ಯೂಕ್ಲಿಯೇಸ್ ಅದು. (ಸೆಕೆಂಡ್ ಪಿಯುಸಿಯವರು ಈ ಹೆಸರನ್ನು ಬಯೋಟೆಕ್ನಾಲಜಿ ಅಧ್ಯಾಯದಲ್ಲಿ ಒಂದು ಸಾಲಿನಲ್ಲಿ ಓದಿ ಮರೆತಿರುತ್ತೀರಿ.) ಫ್ಲೂ ವೈರಸ್ಸಿಗೆ, ಎಚ್‌ಐವಿಗೆ ಅಂಥವನಿಲ್ಲ. ಹಾಗಾಗಿ ಅವು ಇನ್ನೂ ಬೇಗ ಬದಲಾಗುತ್ತವೆ. ಫ್ಲೂ ಲಸಿಕೆಯಲ್ಲಿ ಯಾವ ತಳಿಗಳಿರಬೇಕು ಎಂದು ತೀರ್ಮಾನಿಸಲು ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು ವರ್ಷಕ್ಕೆ ಎರಡು ಸಲ ಸೇರುತ್ತಾರೆ. ಕೋವಿಡ್ ವೈರಸ್ಸಿನಲ್ಲಿ ತಿಂಗಳಿಗೆ ಹೆಚ್ಚುಕಡಿಮೆ ಎರಡು ಅಕ್ಷರ ಬದಲಾಗಿ ನಿಲ್ಲುತ್ತವೆ. ಈ ‘ತಿಂಗಳಿಗೆ ಎರಡು’ ಎಂಬುದನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಪಿಸಿಆರ್ ಟೆಸ್ಟಿಗೂ ಸೀಕ್ವೆನ್ಸಿಂಗಿಗೂ ಇರುವ ವ್ಯತ್ಯಾಸವನ್ನು ಹಲವರು ತಿಳಿದಿಲ್ಲ. ಪಿಸಿಆರ್ ಒಂದು ಪ್ರಶ್ನೆ: ‘ಈ ಪುಸ್ತಕದಲ್ಲಿ ಇಂಥ ಸಾಲು ಇದೆಯೇ?’ ಉತ್ತರ ಹೌದು ಅಥವಾ ಇಲ್ಲ. ಪ್ರಶ್ನೆ ಕೇಳಬೇಕಾದರೆ ಆ ಸಾಲು ನಮಗೆ ಮೊದಲೇ ಗೊತ್ತಿರಬೇಕು. ಸೀಕ್ವೆನ್ಸಿಂಗ್ ಎಂದರೆ ಇಡೀ ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ಓದುವುದು. ಹಾಗಾದರೆ ಹೊಸ ರೋಗ ಬಂದಾಗ, ಪುಸ್ತಕ ಯಾವುದೆಂದೇ ಗೊತ್ತಿಲ್ಲದಾಗ ಏನು ಮಾಡುವುದು? ವುಹಾನಿನ ಆಸ್ಪತ್ರೆಯೊಂದರ ರೋಗಿಯ ಶ್ವಾಸಕೋಶದ ದ್ರವ 2020ರ ಜನವರಿ 3ರಂದು ಶಾಂಘೈನ ಫುಡಾನ್ ವಿಶ್ವವಿದ್ಯಾಲಯದ ಝಾಂಗ್ ಯೋಂಗ್‌ಝೆನ್ ಅವರ ಪ್ರಯೋಗಾಲಯಕ್ಕೆ ಬಂತು. ಅವರು ಅದರಲ್ಲಿದ್ದ ಆರ್‌ಎನ್‌ಎಯನ್ನೆಲ್ಲ ಓದಿಸಿದರು: ರೋಗಿಯದು, ಬ್ಯಾಕ್ಟೀರಿಯಾಗಳದು, ಇನ್ನೇನಿದೆಯೋ ಅದು. ಕಂಪ್ಯೂಟರಿನಲ್ಲಿ ಚೂರುಗಳನ್ನು ಜೋಡಿಸಿದಾಗ ಅದರ ನಡುವಿನಿಂದ ಸಾರ್ಸ್‌ನ ಹತ್ತಿರದ ಸಂಬಂಧಿಯೊಂದು ಎದ್ದುಬಂತು. ಅದಕ್ಕೆ ಹಿಡಿದದ್ದು ಎರಡೇ ದಿನ.

ಅದನ್ನು ಜಗತ್ತಿಗೆ ಹೇಳಲು ಮಾತ್ರ ಆರು ದಿನ ಬೇಕಾಯಿತು. ಅನುಮತಿಯಿಲ್ಲದೆ ಪ್ರಕಟಿಸಬಾರದೆಂಬ ಒತ್ತಡ ಚೀನಾದಲ್ಲಿತ್ತು. ಜನವರಿ 11ರಂದು ವಿಮಾನದಲ್ಲಿ ಕುಳಿತಿದ್ದ ಝಾಂಗ್, ಆಸ್ಟ್ರೇಲಿಯಾದ ಎಡ್ವರ್ಡ್ ಹೋಮ್ಸ್ ಅವರಿಗೆ ಫೋನಿನಲ್ಲೇ ಒಪ್ಪಿಗೆ ಕೊಟ್ಟರು. ಹೋಮ್ಸ್ ಆ ಮೂವತ್ತು ಸಾವಿರ ಅಕ್ಷರಗಳನ್ನು ಎಲ್ಲರೂ ಓದುವಂತೆ ಇಂಟರ್‌ನೆಟ್ಟಿಗೆ ಹಾಕಿದರು. ಮರುದಿನ ಝಾಂಗ್ ಅವರ ಪ್ರಯೋಗಾಲಯವನ್ನು ‘ಸುಧಾರಣೆ’ಯ ಹೆಸರಿನಲ್ಲಿ ಮುಚ್ಚಿಸಲಾಯಿತು. ಜನವರಿ 13ರ ಹೊತ್ತಿಗೆ ಬರ್ಲಿನ್ನಿನ ತಂಡ ರೂಪಿಸಿದ ಪಿಸಿಆರ್ ವಿಧಾನವನ್ನು ವಿಶ್ವ ಆರೋಗ್ಯ ಸಂಸ್ಥೆ ಪ್ರಕಟಿಸಿಯಾಗಿತ್ತು. ಅದೇ ದಿನಕ್ಕೆ ಅಮೆರಿಕದ ಮಾಡೆರ್ನಾ ಕಂಪನಿ ತನ್ನ ಲಸಿಕೆಯ ಅಕ್ಷರಗಳನ್ನು ನಿಶ್ಚಯಿಸಿಕೊಂಡಿತ್ತು. ಜನವರಿ 30ರಂದು ಕೇರಳದ ತ್ರಿಶ್ಶೂರಿನಲ್ಲಿ ನಮ್ಮ ದೇಶದ ಮೊದಲ ಪ್ರಕರಣ ಪತ್ತೆಯಾದದ್ದೂ ಆ ಅಕ್ಷರಗಳು ಮೊದಲೇ ಗೊತ್ತಿದ್ದ ಕಾರಣಕ್ಕೆ. ನಾನು ಇದನ್ನು ಪಾಠ ಮಾಡುವಾಗ ಯಂತ್ರದ ಬಗ್ಗೆ ಹೇಳುವುದಕ್ಕಿಂತ ಆ ಫೋನ್ ಕರೆಯ ಬಗ್ಗೆ ಹೆಚ್ಚು ಹೊತ್ತು ಹೇಳುತ್ತೇನೆ. ಓದುವುದು ಒಂದು ವಿದ್ಯೆ. ಓದಿದ್ದನ್ನು ಹೇಳುವುದಕ್ಕೆ ಬೇರೆಯದೇ ಒಂದು ಗಟ್ಟಿತನ ಬೇಕು.

ಯಂತ್ರದ ಕತೆ ಚಿಕ್ಕದಾಗಿ ಹೇಳುತ್ತೇನೆ. ಗಂಟಲ ದ್ರವದಿಂದ ಆರ್‌ಎನ್‌ಎ ಬೇರ್ಪಡಿಸಿ, ಅದನ್ನು ಡಿಎನ್‌ಎಗೆ ತಿರುಗಿಸಿ ಬರೆಯುತ್ತಾರೆ. ಆಮೇಲೆ ಛಾವಣಿಯ ಹೆಂಚುಗಳ ಹಾಗೆ ಒಂದರ ಅಂಚು ಇನ್ನೊಂದರ ಮೇಲೆ ಬರುವಂತೆ, ಸುಮಾರು 400 ಅಕ್ಷರಗಳ ತುಂಡುಗಳಾಗಿ ಅದನ್ನು ಪಿಸಿಆರ್‌ನಿಂದಲೇ ಹೆಚ್ಚಿಸುತ್ತಾರೆ. ಯಂತ್ರ ಆ ತುಂಡುಗಳನ್ನು ಓದುತ್ತದೆ. ಕಂಪ್ಯೂಟರ್ ಅಂಚುಗಳನ್ನು ಹೊಂದಿಸಿ ಇಡೀ ಪುಸ್ತಕ ಕಟ್ಟುತ್ತದೆ. ಕೆಲವು ಯಂತ್ರಗಳು ಅಕ್ಷರ ಸೇರಿದಾಗಲೆಲ್ಲ ಹೊಮ್ಮುವ ಬೆಳಕನ್ನು ನೋಡಿ ಓದುತ್ತವೆ. ಇನ್ನು ಕೆಲವು ಎಳೆಯನ್ನು ಸೂಕ್ಷ್ಮ ರಂಧ್ರದ ಮೂಲಕ ಎಳೆದು, ಆಗ ವಿದ್ಯುತ್ ಪ್ರವಾಹದಲ್ಲಾಗುವ ಏರಿಳಿತದಿಂದ ಅಕ್ಷರ ಗುರುತಿಸುತ್ತವೆ. ಈ ಎರಡನೆಯ ಬಗೆಯ ಯಂತ್ರ ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು. 2015ರಲ್ಲಿ ಎಬೋಲಾ ಹಾವಳಿಯ ಸಮಯದಲ್ಲಿ ಬ್ರಿಟನ್ನಿನ ಸಂಶೋಧಕರು ಅದನ್ನು ವಿಮಾನದ ಸಾಮಾನ್ಯ ಲಗೇಜಿನಲ್ಲೇ ಹಾಕಿಕೊಂಡು ಪಶ್ಚಿಮ ಆಫ್ರಿಕಾದ ಗಿನಿ ದೇಶಕ್ಕೆ ಹೋದರು. ಅಲ್ಲಿ ಮಾದರಿ ಕೈಸೇರಿದ 24 ಗಂಟೆಗಳೊಳಗೆ ಕೆಲವು ಫಲಿತಾಂಶಗಳನ್ನು ಕೊಟ್ಟರು.

ಈಗ ಓಮಿಕ್ರಾನ್ ವಿಷಯ. ಬೇಗ ಬದಲಾಗುವ ವೈರಸ್ಸನ್ನು ಹಿಡಿಯುವುದು ಹೇಗೆಂದು ತೋರಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆಯಿಲ್ಲ, ಬೇಸರದ ಉದಾಹರಣೆಯೂ ಇದೇ.

2021ರ ನವೆಂಬರ್ ತಿಂಗಳಲ್ಲಿ ದಕ್ಷಿಣ ಆಫ್ರಿಕಾದ ಒಂದು ಖಾಸಗಿ ಪ್ರಯೋಗಾಲಯದವರು ವಿಚಿತ್ರವೊಂದನ್ನು ಗಮನಿಸಿದರು. ಅವರ ಪಿಸಿಆರ್ ಕಿಟ್ ವೈರಸ್ಸಿನ ಮೂರು ಸಾಲುಗಳನ್ನು ಹುಡುಕುತ್ತಿತ್ತು. ಎರಡು ಸಿಗುತ್ತಿದ್ದವು, ಸ್ಪೈಕ್ ಜೀನಿನ ಮೂರನೆಯದು ಸಿಗುತ್ತಿರಲಿಲ್ಲ. ಕಿಟ್ ಕೆಟ್ಟಿದೆ ಎಂದುಕೊಂಡು ಬಿಸಾಡಬಹುದಿತ್ತು. ಅವರು ಹಾಗೆ ಮಾಡದೆ ಮಾದರಿಗಳನ್ನು ಸೀಕ್ವೆನ್ಸಿಂಗಿಗೆ ಕಳುಹಿಸಿದರು. ಪಕ್ಕದ ಬೋಟ್ಸ್ವಾನಾದಲ್ಲಿ ಸಿಖುಲಿಲೆ ಮೋಯೊ ಅವರ ತಂಡವೂ ಅದೇ ದಿನಗಳಲ್ಲಿ ಹಿಂದೆ ಕಾಣದ ಒಂದು ಜೀನೋಮನ್ನು ಓದಿತು. ಸ್ಪೈಕ್ ಪ್ರೋಟೀನ್ ಒಂದರಲ್ಲೇ ಮೂವತ್ತಕ್ಕೂ ಹೆಚ್ಚು ಬದಲಾವಣೆಗಳು. ಆ ಕಿಟ್ ಹುಡುಕುತ್ತಿದ್ದ ಜಾಗದಲ್ಲಿ ಆರು ಅಕ್ಷರಗಳು ಬಿಟ್ಟುಹೋಗಿದ್ದವು, ಹಾಗಾಗಿ ಮೂರನೆಯ ಸಾಲು ಸಿಗದೆ ಹೋಗಿತ್ತು. ಪಿಸಿಆರ್ ಸೋತ ಜಾಗವೇ ಸುಳಿವಾಯಿತು! ನವೆಂಬರ್ 24ಕ್ಕೆ ವಿಶ್ವ ಆರೋಗ್ಯ ಸಂಸ್ಥೆಗೆ ವರದಿ ಹೋಯಿತು. 25ಕ್ಕೆ ವಿಜ್ಞಾನಿ ಟುಲಿಯೊ ಡಿ ಒಲಿವೇರಾ ಮತ್ತು ಸಂಗಡಿಗರು ಬಹಿರಂಗವಾಗಿ ಹೇಳಿದರು. 26ಕ್ಕೆ ಓಮಿಕ್ರಾನ್ ಎಂಬ ಹೆಸರು ಬಂತು.

ಆಗ ಸಿಕ್ಕ ಬಹುಮಾನವೆಂದರೆ ವಿಮಾನಗಳ ರದ್ದತಿ. ಬ್ರಿಟನ್ ಮೊದಲ್ಗೊಂಡು ಒಂದರ ಹಿಂದೊಂದು ದೇಶ ಆಫ್ರಿಕಾದ ದಕ್ಷಿಣ ಭಾಗಕ್ಕೆ ಬಾಗಿಲು ಹಾಕಿತು. ಚೆನ್ನಾಗಿ ಸೀಕ್ವೆನ್ಸಿಂಗ್ ಮಾಡಿದ್ದಕ್ಕೆ, ಬೇಗ ಕಂಡುಹಿಡಿದದ್ದಕ್ಕೆ ನಮಗೆ ಶಿಕ್ಷೆ ಕೊಟ್ಟಂತಾಗಿದೆ ಎಂದು ಆ ದೇಶದ ವಿದೇಶಾಂಗ ಇಲಾಖೆ ಹೇಳಿಕೆ ಕೊಟ್ಟಿತು. ಅದರ ಬೆನ್ನಿಗೆ ನೆದರ್‌ಲ್ಯಾಂಡ್ಸ್‌ನ ಆರೋಗ್ಯ ಸಂಸ್ಥೆ ತನ್ನಲ್ಲಿ ಶೇಖರವಾಗಿದ್ದ ಹಳೆಯ ಮಾದರಿಗಳನ್ನು ಓದಿಸಿ ನೋಡಿತು. ನವೆಂಬರ್ 19 ಮತ್ತು 23ರಂದು ಅಲ್ಲೇ ತೆಗೆದ ಮಾದರಿಗಳಲ್ಲಿ ಓಮಿಕ್ರಾನ್ ಇತ್ತು. ಅಂದರೆ ಬಾಗಿಲು ಹಾಕುವ ಮೊದಲೇ ಅದು ಒಳಗೆ ಬಂದು ಕುಳಿತಿತ್ತು.

ನಮ್ಮಲ್ಲಿ ಆದದ್ದೂ ಹಾಗೆಯೇ. ಡಿಸೆಂಬರ್ 2ರಂದು ಕೇಂದ್ರ ಸರಕಾರ ದೇಶದ ಮೊದಲ ಎರಡು ಓಮಿಕ್ರಾನ್ ಪ್ರಕರಣಗಳನ್ನು ಪ್ರಕಟಿಸಿತು. ಎರಡೂ ಬೆಂಗಳೂರಿನವು. ಒಬ್ಬರು ದಕ್ಷಿಣ ಆಫ್ರಿಕಾದಿಂದ ಬಂದು ಹೋದವರು. ಟಿವಿಯವರು ಅವರ ಬೆನ್ನು ಬಿದ್ದರು. ಇನ್ನೊಬ್ಬರು ಬೆಂಗಳೂರಿನ ಒಬ್ಬ ವೈದ್ಯರು. ಅವರು ಯಾವ ವಿದೇಶಕ್ಕೂ ಹೋಗಿರಲಿಲ್ಲ. ನನಗೆ ಮುಖ್ಯವೆನಿಸಿದ್ದು ಎರಡನೆಯದೇ. ಇಬ್ಬರ ಮಾದರಿಗಳನ್ನೂ ಪಡೆದದ್ದು ಓಮಿಕ್ರಾನ್ ಎಂಬ ಹೆಸರು ಹುಟ್ಟುವ ಮೊದಲು. ಪಟ್ಟಿಯಲ್ಲಿ ‘ಮೊದಲನೆಯವರು’ ಎಂದರೆ ಮೊದಲು ಓದಲ್ಪಟ್ಟವರು ಎಂದಷ್ಟೇ ಅರ್ಥ. ಮೊದಲು ತಂದವರು ಎಂದಲ್ಲ.

ಈ ವ್ಯತ್ಯಾಸವನ್ನು ನಾನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ.

2020ರ ಮಾರ್ಚ್‌ನಲ್ಲಿ, ವಿಮಾನಗಳು ನಿಲ್ಲುವ ಕೆಲವೇ ದಿನ ಮೊದಲು, ನನ್ನ ತಮ್ಮ ಶಾರ್ಜಾದಿಂದ ಊರಿಗೆ ಬಂದ. ಕೈಯ ಮೇಲೆ ಕ್ವಾರಂಟೈನ್ ಮುದ್ರೆ, ಮನೆ ಬಾಗಿಲಿಗೆ ಚೀಟಿ. ಹದಿನಾಲ್ಕು ದಿನ ಮಹಡಿಯ ಕೋಣೆಯಲ್ಲಿ ಒಬ್ಬನೇ ಇದ್ದ. ಉಮ್ಮ ಬಾಗಿಲ ಹೊರಗೆ ಗಂಜಿಯ ಬಟ್ಟಲಿಟ್ಟು ಕೆಳಗಿಳಿದು ಬರುತ್ತಿದ್ದರು. ಅವನಿಗೆ ಜ್ವರವಿರಲಿ, ಒಂದು ಸೀನೂ ಬರಲಿಲ್ಲ. ಮುದ್ರೆ ಮಾಸಿತು, ಚೀಟಿ ಮಳೆಗೆ ಹರಿದು ಹೋಯಿತು. ಜುಲೈಯಲ್ಲಿ ಎದುರು ಮನೆಯ ಅಜ್ಜನಿಗೆ ಕೋವಿಡ್ ಬಂತು. ಹನ್ನೆರಡು ದಿನ ಆಸ್ಪತ್ರೆಯಲ್ಲಿದ್ದು, ಗುರುತು ಸಿಗದಷ್ಟು ಇಳಿದುಹೋಗಿ ಮನೆಗೆ ಬಂದರು. ಬೀದಿಯ ಮಾತು ಆಗಲೇ ನಮ್ಮ ಗೇಟಿನ ಮುಂದೆ ಬಂದು ನಿಂತಿತ್ತು: ‘ಗಲ್ಫಿನಿಂದ ಬಂದದ್ದು ಅವರ ಮನೆಯವನೇ ಅಲ್ವಾ?’

ದೆಹಲಿಯ ನಿಝಾಮುದ್ದೀನ್ ಮರ್ಕಝ್‌ನ ಹೆಸರು ಬೆಳಗಿನಿಂದ ರಾತ್ರಿಯವರೆಗೆ ಟಿವಿಯಲ್ಲಿ ಕೇಳಿದ ವರ್ಷ ಅದು. ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠ ಅದೇ ಆಗಸ್ಟ್‌ನಲ್ಲಿ ತಬ್ಲೀಗಿನ ವಿದೇಶಿಯರ ಮೇಲಿನ ಮೊಕದ್ದಮೆಗಳನ್ನು ರದ್ದು ಮಾಡಿ, ಅವರನ್ನು ಬಲಿಪಶುಗಳನ್ನಾಗಿ ಮಾಡಿರುವಂತೆ ಕಾಣುತ್ತದೆ ಎಂಬ ಅರ್ಥದ ಮಾತು ಬರೆಯಿತು. ಆ ತೀರ್ಪು ಟಿವಿಯಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಬರಲಿಲ್ಲ. ಆ ವರ್ಷದ ಬಕ್ರೀದಿಗೆ ಉಮ್ಮ ಎದುರು ಮನೆಗೆ ಪಾಯಸದ ಪಾತ್ರೆ ಕಳುಹಿಸಲಿಲ್ಲ. ಕಳುಹಿಸಿದರೆ ಅವರು ಏನು ಮಾಡಿಯಾರು ಎಂಬ ಮುಜುಗರವೇ ಅವರನ್ನು ತಡೆಯಿತು.

2021ರ ಜನವರಿಯಲ್ಲಿ ಕಾಲೇಜು ತೆರೆದಾಗ, ಇದನ್ನೇ ಪಾಠ ಮಾಡುತ್ತಿದ್ದ ಒಂದು ದಿನ, ಕೊನೆಯ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. ಅವಳ ತಂದೆ ಗಾಡಿಯಲ್ಲಿ ಹಣ್ಣು ಮಾರುವವರು. ಲಾಕ್‌ಡೌನ್ ದಿನಗಳಲ್ಲಿ ಅವರನ್ನು ಕೆಲವು ಬೀದಿಗಳಿಗೆ ಬರಬೇಡ ಎಂದಿದ್ದರೆಂದು ನಮಗೆಲ್ಲ ಗೊತ್ತಿತ್ತು. ‘ಮೇಡಂ, ಈ ಟೆಸ್ಟ್ ಮಾಡಿದ್ರೆ ಯಾರು ಯಾರಿಗೆ ಕೊಟ್ಟದ್ದು ಅಂತ ಗೊತ್ತಾಗ್ತದಾ?’ ಎಂದಳು. ಕ್ಲಾಸ್ ಗಪ್ಪಾಯಿತು. ಅವಳು ಕೇಳಿದ್ದು ಸಿಲೆಬಸ್ಸಿನ ಪ್ರಶ್ನೆಯಲ್ಲ.

ನಾನು ಅವಳಿಗೆ ಹೇಳಿದ್ದನ್ನೇ ಇಲ್ಲಿ ಇನ್ನಷ್ಟು ಬಿಡಿಸಿ ಬರೆಯುತ್ತೇನೆ. ಸೀಕ್ವೆನ್ಸಿಂಗ್ ‘ಅಲ್ಲ’ ಎಂದು ಹೇಳಿದರೆ ಗಟ್ಟಿಯಾಗಿ ಹೇಳುತ್ತದೆ. ‘ಹೌದು’ ಎನ್ನುವಾಗ ಅದರ ದನಿ ತಗ್ಗುತ್ತದೆ. ತಿಂಗಳಿಗೆ ಎರಡು ಅಕ್ಷರ ಎಂದೆನಲ್ಲ, ಈಗ ಲೆಕ್ಕ ಹಾಕಿ. ಇಬ್ಬರಿಗೆ ಒಂದೇ ವಾರದಲ್ಲಿ ಕಾಯಿಲೆ ಬಂದಿದೆ, ಅವರ ವೈರಸ್ಸುಗಳ ನಡುವೆ ಹದಿನೈದು ಅಕ್ಷರ ವ್ಯತ್ಯಾಸವಿದೆ ಎಂದರೆ ಒಬ್ಬರಿಂದ ಇನ್ನೊಬ್ಬರಿಗೆ ಬಂದಿರುವ ಸಾಧ್ಯತೆಯೇ ಇಲ್ಲವೆನ್ನಬಹುದು. ಎರಡೂ ಬೇರೆ ಬೇರೆ ಕೊಂಬೆಗಳು. ಆದರೆ ಇಬ್ಬರ ವೈರಸ್ಸೂ ಅಕ್ಷರಶಃ ಒಂದೇ ಆಗಿದ್ದರೆ? ಕೋವಿಡ್ ಒಬ್ಬರಿಂದ ಒಬ್ಬರಿಗೆ ದಾಟಲು ನಾಲ್ಕೈದು ದಿನ ಸಾಕು, ಅಕ್ಷರ ಬದಲಾಗಲು ಹದಿನೈದು ದಿನ ಬೇಕು. ಅಂದರೆ ಮೂರು ನಾಲ್ಕು ಮಂದಿಯನ್ನು ದಾಟಿದರೂ ವೈರಸ್ ಒಂದೇ ಥರ ಇದ್ದುಬಿಡಬಹುದು. ಇವರು ಅವರಿಗೆ ಕೊಟ್ಟರೋ, ಅವರು ಇವರಿಗೆ ಕೊಟ್ಟರೋ, ಟೆಸ್ಟೇ ಮಾಡಿಸಿಕೊಳ್ಳದ ಮೂರನೆಯವರೊಬ್ಬರು ಇಬ್ಬರಿಗೂ ಕೊಟ್ಟರೋ, ಅಕ್ಷರಗಳು ಹೇಳುವುದಿಲ್ಲ. ನನ್ನ ಏಳು ರೆಕಾರ್ಡುಗಳ ಮರದಲ್ಲೂ ಅದೇ ತೊಡಕಿತ್ತು. ಈರುಳ್ಳಿಗೆ ಮೊದಲು ತುಟಿ ಬರೆದವರು ಯಾರು ಎಂದು ನನಗೆ ಗೊತ್ತಾಗಲೇ ಇಲ್ಲ. ಆ ಏಳರಲ್ಲಿ ಒಬ್ಬರಿರಬಹುದು, ಹಿಂದಿನ ವರ್ಷ ಪಾಸಾಗಿ ಹೋದ ಅಣ್ಣನೋ ಅಕ್ಕನೋ ಇರಬಹುದು. ಹಾಗಾಗಿ ಏಳೂ ಮಂದಿಗೆ ಆ ಪುಟವನ್ನು ಮತ್ತೆ ಬರೆಯಲು ಹೇಳಿದೆ, ಯಾರನ್ನೂ ಎಬ್ಬಿಸಿ ನಿಲ್ಲಿಸಲಿಲ್ಲ.

ಇನ್ನು ನನ್ನ ತಮ್ಮನದು. ಅವನಿಗೆ ಕಾಯಿಲೆ ಬರಲಿಲ್ಲ, ಆ ಅಜ್ಜನ ಮಾದರಿಯನ್ನು ಯಾರೂ ಸೀಕ್ವೆನ್ಸಿಂಗಿಗೆ ಕಳುಹಿಸಲಿಲ್ಲ. ಕಳುಹಿಸಿದ್ದರೆ ಮಾರ್ಚ್‌ನಿಂದ ಜುಲೈವರೆಗೆ ಕೂಡಿದ ಏಳೆಂಟು ಬದಲಾವಣೆಗಳು ಅದರಲ್ಲಿ ಕಂಡಾವು. ಆ ಬದಲಾವಣೆಗಳನ್ನು ಹೊತ್ತ ಸೋದರ ಸಂಬಂಧಿಗಳು ಯಾವ ಊರಿನಲ್ಲಿ, ಯಾವ ಮಾರುಕಟ್ಟೆಯಲ್ಲಿ ಇದ್ದವೆಂದು ಹುಡುಕಬಹುದಿತ್ತು. ಎದುರು ಮನೆಯವರಿಗೆ ತೋರಿಸಲು ನನ್ನ ಕೈಯಲ್ಲಿ ಒಂದು ಕಾಗದವಿರುತ್ತಿತ್ತೇನೋ. ಕಾಗದ ತೋರಿಸಿದರೆ ಬೀದಿ ನಂಬುತ್ತಿತ್ತೇ ಎಂಬುದು ಬೇರೆ ಮಾತು. ಈಗ ಎರಡು ಮನೆಗಳ ನಡುವೆ ಮಾತುಕತೆ ಇದೆ, ಮೊದಲಿನ ಹಾಗೆ ಕರಿಬೇವು ಹೋಗಿಬರುತ್ತದೆ. ಆ ವರ್ಷದ ವಿಷಯವನ್ನು ಮಾತ್ರ ಯಾರೂ ಎತ್ತುವುದಿಲ್ಲ.

ಹೆಸರಿಡುವುದೂ ಬೆರಳು ತೋರಿಸಿದ ಹಾಗೆಯೇ ಆಗಿಬಿಡುತ್ತದೆ. 1918ರ ಮಹಾಮಾರಿಗೆ ಸ್ಪ್ಯಾನಿಷ್ ಫ್ಲೂ ಎಂಬ ಹೆಸರು ಅಂಟಿದ್ದು ಅದು ಸ್ಪೇನಿನಲ್ಲಿ ಹುಟ್ಟಿತೆಂದಲ್ಲ. ಯುದ್ಧದಲ್ಲಿದ್ದ ದೇಶಗಳು ಸುದ್ದಿಯನ್ನು ಅದುಮಿಟ್ಟವು, ಯುದ್ಧದಲ್ಲಿಲ್ಲದ ಸ್ಪೇನಿನ ಪತ್ರಿಕೆಗಳು ಬರೆದವು, ಹೆಸರು ಅವರ ಪಾಲಿಗೆ ಬಂತು. 2021ರಲ್ಲಿ ಆ ಸರದಿ ನಮ್ಮದಾಯಿತು. ಹೊರದೇಶದ ಪತ್ರಿಕೆಗಳು ‘ಇಂಡಿಯನ್ ವೇರಿಯಂಟ್’ ಎಂದು ಬರೆದಾಗ ಎಲ್ಲರಿಗೂ ಚುಚ್ಚಿತು, ಸರಕಾರವೂ ಆಕ್ಷೇಪಿಸಿತು. ಹಿಂದಿನ ವರ್ಷ ಒಂದು ಸಮುದಾಯದ ಹೆಸರನ್ನು ವೈರಸ್ಸಿಗೆ ಜೋಡಿಸಿ ಮಾತಾಡಿದವರಿಗೂ ಚುಚ್ಚಿರಬೇಕು. ಮೇ 31ರಂದು ವಿಶ್ವ ಆರೋಗ್ಯ ಸಂಸ್ಥೆ ಊರು-ದೇಶಗಳ ಹೆಸರು ಬೇಡವೆಂದು ಗ್ರೀಕ್ ಅಕ್ಷರಗಳನ್ನು ಕೊಟ್ಟಿತು, ಅದು ಡೆಲ್ಟಾ ಆಯಿತು. ನಮ್ಮ ರಾಜ್ಯದ್ದೇ ಹಳೆಯ ಉದಾಹರಣೆ ಬೇಕಾದರೆ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಇದೆ. 1957ರಲ್ಲಿ ಅಲ್ಲಿನ ಕಾಡಿನಲ್ಲಿ ಮಂಗನ ಕಾಯಿಲೆ ಪತ್ತೆಯಾಯಿತು, ಅಂದಿನಿಂದ ಆ ಊರಿನ ಹೆಸರು ಜಗತ್ತಿನ ವೈದ್ಯಕೀಯ ಪುಸ್ತಕಗಳಲ್ಲಿ ರೋಗದ ಹೆಸರಾಗಿಯೇ ಇದೆ.

ಸೀಕ್ವೆನ್ಸಿಂಗನ್ನು ಹೊಗಳುತ್ತಾ ಹೋದರೆ ಅರ್ಧ ಸತ್ಯ ಹೇಳಿದಂತಾದೀತು. ಜ್ವರದಿಂದ ಮಲಗಿರುವವರಿಗೆ ಅದರಿಂದ ಆಗುವ ಉಪಕಾರ ಸಾಮಾನ್ಯವಾಗಿ ಕಡಿಮೆ. ವರದಿ ಬರುವ ಹೊತ್ತಿಗೆ ಅವರು ಗುಣವಾಗಿರುತ್ತಾರೆ, ಇಲ್ಲವೇ ಕೈಮೀರಿರುತ್ತದೆ. ಮಾದರಿಯಲ್ಲಿ ವೈರಸ್ ಸಾಕಷ್ಟಿಲ್ಲದಿದ್ದರೆ ಓದಲೂ ಆಗುವುದಿಲ್ಲ. ಪಿಸಿಆರ್ ವರದಿಯಲ್ಲಿ ‘ಸಿಟಿ ವ್ಯಾಲ್ಯೂ’ ಎಂದಿರುತ್ತದಲ್ಲ, ಅದು ಎಷ್ಟು ಸುತ್ತು ಹೆಚ್ಚಿಸಿದ ಮೇಲೆ ವೈರಸ್ ಕಾಣಿಸಿತು ಎಂಬ ಲೆಕ್ಕ. ಸಂಖ್ಯೆ ದೊಡ್ಡದಾದಷ್ಟೂ ವೈರಸ್ ಕಡಿಮೆ. ಅಂಥ ಮಾದರಿಗಳನ್ನು ಸೀಕ್ವೆನ್ಸಿಂಗಿಗೆ ತೆಗೆದುಕೊಳ್ಳುವುದಿಲ್ಲ. ಅಡ್ಡದಾರಿಗಳೂ ಹೆಚ್ಚು ದಿನ ನಡೆಯುವುದಿಲ್ಲ. ‘ಸ್ಪೈಕ್ ಸಿಗದಿದ್ದರೆ ಓಮಿಕ್ರಾನ್’ ಎಂದು ಎಲ್ಲರೂ ಕಲಿತುಕೊಳ್ಳುವಷ್ಟರಲ್ಲಿ ಅದರ ತಮ್ಮ ಬಿಎ.2 ಬಂತು. ಅದರಲ್ಲಿ ಆ ಆರು ಅಕ್ಷರಗಳು ಬಿಟ್ಟುಹೋಗಿರಲಿಲ್ಲ, ಹಾಗಾಗಿ ಸ್ಪೈಕ್ ಮಾಮೂಲಿನಂತೆ ಸಿಗುತ್ತಿತ್ತು. ಮತ್ತೆ ಇಡೀ ಪುಸ್ತಕವನ್ನೇ ಓದಬೇಕಾಯಿತು.

ಎಚ್‌ಐವಿಯ ವಿಷಯ ಬೇರೆ. ಅಲ್ಲಿ ಔಷಧಿ ನಾಟದೆ ಹೋದಾಗ ಆ ರೋಗಿಯ ವೈರಸ್ಸಿನ ಅಕ್ಷರಗಳನ್ನು ಓದಿ, ಯಾವ ಮಾತ್ರೆಗೆ ಅದು ಬಗ್ಗುವುದಿಲ್ಲ ಎಂದು ಕಂಡುಕೊಂಡು ಬೇರೆ ಮಾತ್ರೆ ಕೊಡಬಹುದು. ಓದಿದ್ದು ಓದಿಸಿಕೊಂಡವರಿಗೇ ದಕ್ಕುವ ಸಂದರ್ಭ ಅದು. ಕೋವಿಡ್, ಫ್ಲೂಗಳಲ್ಲಿ ನಾವು ಕೊಡುವ ಗಂಟಲ ದ್ರವದಿಂದ ನಮಗೆ ಏನೂ ಸಿಗದೆ, ಗುರುತಿಲ್ಲದ ಯಾರಿಗೋ ಮುಂದೆಂದೋ ಉಪಯೋಗವಾಗುತ್ತದೆ. ಇದನ್ನು ಹೇಳಿದಾಗ ಒಬ್ಬ ಹುಡುಗ, ‘ಹಾಗಾದ್ರೆ ಅದು ಸದಕಾ, ಮೇಡಂ’ ಎಂದ. ಉತ್ತರ ಪತ್ರಿಕೆಯಲ್ಲಿ ಹಾಗೆ ಬರೆಯಬೇಡ, ಅಂಕ ಸಿಗುವುದಿಲ್ಲ ಎಂದೆ. ಅವನ ಮಾತು ನನಗೆ ಹಿಡಿಸಿತ್ತು.

ಈ ಎಲ್ಲದರಲ್ಲಿ ನನಗೆ ಬಹಳ ಇಷ್ಟವಾದ ಕೆಲಸ ನಡೆದದ್ದು ಬೆಂಗಳೂರಿನ ಚರಂಡಿಯಲ್ಲಿ. ನಗಬೇಡಿ. ಸೋಂಕು ತಗಲಿದವರ ಮಲದಲ್ಲಿ ವೈರಸ್ಸಿನ ಆರ್‌ಎನ್‌ಎ ಚೂರುಗಳು ಹೊರಗೆ ಹೋಗುತ್ತವೆ. ಟಾಟಾ ಇನ್‌ಸ್ಟಿಟ್ಯೂಟ್ ಫಾರ್ ಜೆನೆಟಿಕ್ಸ್ ಆ್ಯಂಡ್ ಸೊಸೈಟಿಯ ವಿಜ್ಞಾನಿಗಳು ನಗರದ ಕೊಳಚೆ ನೀರು ಶುದ್ಧೀಕರಣ ಘಟಕಗಳಿಂದ ನೀರು ತಂದು, ಅದರಲ್ಲಿ ವೈರಸ್ ಎಷ್ಟಿದೆ, ಯಾವ ತಳಿಯದಿದೆ ಎಂದು ಓದಿದರು. ಟೆಸ್ಟ್ ಮಾಡಿಸಿಕೊಂಡವರು, ಮಾಡಿಸಿಕೊಳ್ಳದವರು, ಕೆಮ್ಮು ಬಂದರೂ ಯಾರಿಗೂ ಹೇಳದೆ ಕೆಲಸಕ್ಕೆ ಹೋದವರು, ಎಲ್ಲರ ಪಾಲೂ ಆ ನೀರಿನಲ್ಲಿದೆ. ಯಾರ ಮನೆಯದೆಂದು ಕೇಳುವ ಹಾಗಿಲ್ಲ, ಕೇಳಿದರೆ ಉತ್ತರವೂ ಇಲ್ಲ. ಬಡಾವಣೆಗೆ ಏನು ಬರುತ್ತಿದೆ ಎಂಬುದು ಮಾತ್ರ ತಿಳಿಯುತ್ತದೆ. ಆಸ್ಪತ್ರೆಗೆ ಹಾಸಿಗೆ ಜೋಡಿಸಿಕೊಳ್ಳಲು ಅಷ್ಟು ಸಾಕು.

2020ರ ಡಿಸೆಂಬರ್‌ನಲ್ಲಿ ಕೇಂದ್ರ ಸರಕಾರ ಇನ್ಸಾಕಾಗ್ ಎಂಬ ಕೂಟ ಕಟ್ಟಿ ಹತ್ತು ಪ್ರಯೋಗಾಲಯಗಳನ್ನು ಈ ಕೆಲಸಕ್ಕೆ ಜೋಡಿಸಿತು. ಬೆಂಗಳೂರಿನ ನಿಮ್ಹಾನ್ಸ್ ಅದರಲ್ಲಿ ಒಂದು. ಇಲ್ಲಿ ಕೆಲಸ ಮಾಡುವವರೆಲ್ಲ ಡಾಕ್ಟರುಗಳಲ್ಲ. ಬಯೋಟೆಕ್ನಾಲಜಿ, ಮೈಕ್ರೋಬಯಾಲಜಿ ಓದಿದವರಿದ್ದಾರೆ, ಕಂಪ್ಯೂಟರ್ ಸೈನ್ಸ್ ಮತ್ತು ಸ್ಟ್ಯಾಟಿಸ್ಟಿಕ್ಸ್ ಓದಿದವರೂ ಇದ್ದಾರೆ. ನೀಟ್‌ನಲ್ಲಿ ರ್‍ಯಾಂಕ್ ಬರಲಿಲ್ಲವೆಂದು ಸ್ಟಾಫ್ ರೂಮಿನ ಬಾಗಿಲಲ್ಲಿ ಅಳುತ್ತಾ ನಿಲ್ಲುವವರಿಗೆ ನಾನು ಇದನ್ನು ಹೇಳಿದ್ದೇನೆ. ಅಳು ಆ ಕ್ಷಣಕ್ಕೆ ನಿಲ್ಲುವುದಿಲ್ಲ, ಆದರೆ ಇಬ್ಬರು ಆ ಕೋರ್ಸುಗಳಿಗೆ ಸೇರಿದ್ದಾರೆ.

ಕಳೆದ ತಿಂಗಳು ಕಂಪ್ಯೂಟರ್ ಲ್ಯಾಬಿನಲ್ಲಿ ‘ನೆಕ್ಸ್ಟ್‌ಸ್ಟ್ರೇನ್’ ಎಂಬ ತಾಣವನ್ನು ಎ ಸೆಕ್ಷನ್‌ನವರಿಗೆ ತೋರಿಸಿದೆ. ದುಡ್ಡು ಕೊಡಬೇಕಾಗಿಲ್ಲ, ಯಾರು ಬೇಕಾದರೂ ನೋಡಬಹುದು. ಕೋವಿಡ್, ಫ್ಲೂ, ಎಬೋಲಾ ವೈರಸ್ಸುಗಳ ವಂಶವೃಕ್ಷಗಳು ಬಣ್ಣ ಬಣ್ಣದ ಚುಕ್ಕೆಗಳಾಗಿ ಅಲ್ಲಿ ಹರಡಿಕೊಂಡಿವೆ. ಒಂದೊಂದು ಚುಕ್ಕೆಯೂ ಯಾರದೋ ಗಂಟಲಿನಿಂದ ಬಂದದ್ದು. ಮಕ್ಕಳು ಮೊದಲು ಇಂಡಿಯಾ ಹುಡುಕಿದರು, ಆಮೇಲೆ ಸೌದಿ, ಕತಾರ್, ದುಬೈ, ಅಂದರೆ ತಮ್ಮ ತಮ್ಮ ಮನೆಯವರಿರುವ ಜಾಗಗಳನ್ನು. ಯುರೋಪ್‌ನ ಮೇಲೆ ಚುಕ್ಕೆಗಳು ಒತ್ತೊತ್ತಾಗಿದ್ದವು. ಕೆಲವು ದೇಶಗಳು ಖಾಲಿ ಖಾಲಿ. ‘ಅಲ್ಲಿ ವೈರಸ್ ಇಲ್ವಾ ಮೇಡಂ?’ ಎಂದು ಒಬ್ಬ ಕೇಳಿದ. ನಾನು ಬಾಯಿ ತೆರೆಯುವ ಮೊದಲೇ ಪಕ್ಕದವಳು, ‘ಮೆಷಿನ್ ಇಲ್ಲ’ ಎಂದಳು. ಅಷ್ಟರಲ್ಲಿ ಕರೆಂಟ್ ಹೋಯಿತು. ಬಿ ಸೆಕ್ಷನ್‌ನವರ ಸರದಿ ಮುಂದಿನ ಗುರುವಾರ ಮೂರನೆಯ ಪಿರಿಯಡ್ಡಿಗೆ, ಯುಪಿಎಸ್ ರಿಪೇರಿಯಾಗಿದ್ದರೆ.